ಒಂದು ಡಾಲರಿನ ಇಬ್ಬರು ಯಜಮಾನರು

ಚೋಲ್ವೆಯ ಪಾಡಿಗೆಲ್ಲ ಐವತ್ತು ಸೆಂಟಿನ ಚಿಲ್ಲರೆಯೇ ಕಾರಣ. ಜಾಂಬಿಯಾದ ಲಿವಿಂಗ್‌ಸ್ಟನ್ನಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಈ ಬಡಪಾಯಿ, ಶುವಾಯಿಯನ್ನು ಮದುವೆಗೆ ಕೇಳಲು ಗಡಿ ದಾಟಿ ಪಕ್ಕದ ದೇಶದ ಹರಾರೆಗೆ ಬಂದಿದ್ದ. ಹನ್ನೆರಡಕ್ಕೆಲ್ಲ ಹೈಫೀಲ್ಡಿನ ಅವಳ ಮನೆಯಲ್ಲಿರಬೇಕು. "ತಡ ಮಾಡ್ಬೇಡ ಮಾರಾಯ. ನಮ್ಮ ಸೋದರತ್ತೆ ಹೂಂ ಅಂದ್ರೇನೇ ಅಪ್ಪ ಹೂಂ ಅನ್ನೋದು," ಎಂದು ಅವಳು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಕಿಸೆ ತುಂಬ ತನ್ನ ದೇಶದ ಕ್ವಾಚಾ ನೋಟುಗಳಿದ್ದವು. ಆದರೆ ಇಲ್ಲಿ ನಡೆಯುವುದು ಅಮೆರಿಕದ ಡಾಲರು; ಗಡಿ ದಾಟಿದ ಕ್ವಾಚಾಗೆ ಹೋದ ವರ್ಷದ ಕ್ಯಾಲೆಂಡರಿನ ಬೆಲೆ. ತಂದ ಡಾಲರೆಲ್ಲ ಮಾವನಿಗೊಂದು ದಪ್ಪ ಕಂಬಳಿ ಕೊಳ್ಳುವುದರಲ್ಲಿ ಮುಗಿದು ಒಂದೇ ಒಂದು ಉಳಿದಿತ್ತು. ಎಂಬಾರೆ ಸಂತೆಯವರೆಗಿನ ವ್ಯಾನಿಗೆ ಐವತ್ತು ಸೆಂಟು, ಅಲ್ಲಿಂದ ಹೈಫೀಲ್ಡಿನ ವ್ಯಾನಿಗೆ ಐವತ್ತು. ಲೆಕ್ಕ ಗಡಿಯಾರದಷ್ಟೇ ಸರಿಯಾಗಿತ್ತು.

ಡಾಲರ್ ಕೊಟ್ಟು ಎಂಬಾರೆಯಲ್ಲಿ ಇಳಿದಾಗ ಕಂಡಕ್ಟರ್ ನೆನೆದ ಹಪ್ಪಳದಂಥ ಒಂದು ಡಾಲರ್ ನೋಟನ್ನು, ಪಕ್ಕದ ಸೀಟಿನಿಂದ ಇಳಿದ ದಪ್ಪ ಹೆಂಗಸಿನ ಕೈಗೆ ತುರುಕಿದ. "ನಿಮ್ಮಿಬ್ಬರ ಐವತ್ತೈವತ್ತು ಸೆಂಟಿನ ಚಿಲ್ಲರೆ ಸೇರಿ. ಹಂಚ್ಕೊಳ್ಳಿ!" ವ್ಯಾನು ಹೊರಟೇಹೋಯಿತು.

ಹೀಗೆ ಗುರುತಿಲ್ಲದವರನ್ನು ಒಂದೇ ನೋಟಿಗೆ ಗಂಟುಹಾಕುವುದು ಚಿಲ್ಲರೆ ನಾಣ್ಯವೇ ಸಿಗದ ಆ ಊರಿನಲ್ಲಿ ದಿನನಿತ್ಯದ ಮಾತು. ಚೋಲ್ವೆಗೆ ಮಾತ್ರ ಹೊಸದು.

"ಅಮ್ಮಾ, ನನ್ನ ಐವತ್ತು ಸೆಂಟು?"

"ಮೊದಲು ಚೆನ್ನಾಗಿದ್ದೀರಾ ಅಂತ ಕೇಳಪ್ಪ. ದುಡ್ಡು ಎಲ್ಲಿಗೆ ಓಡಿಹೋಗುತ್ತೆ?"

"ಚೆನ್ನಾಗಿದ್ದೀರಾ ಅಮ್ಮಾ, ನನ್ನ ಐವತ್ತು ಸೆಂಟು?"

ಆಕೆ ನಿಟ್ಟುಸಿರು ಬಿಟ್ಟು ನೋಟು ಮುರಿಸಲು ಮುಂದೆ ನಡೆದರು. ಇವನು ಕಂಬಳಿ ಹೊತ್ತು, ಹಗ್ಗ ಕಟ್ಟಿದ ಕರುವಿನ ಹಾಗೆ ಹಿಂದೆ.

ಟೊಮೇಟೊ ಮಾರುವವಳು ನಕ್ಕಳು. "ಚಿಲ್ಲರೆನಾ? ಐವತ್ತಕ್ಕೆ ಟೊಮೇಟೊ ತಗೊಳ್ಳಿ, ಉಳಿದ ಐವತ್ತಕ್ಕೂ ಟೊಮೇಟೊನೇ ಕೊಡ್ತೀನಿ." ಅಂಗಡಿಯವನು ಚಿಲ್ಲರೆಯ ಬದಲು ಒಂದು ಹಿಡಿ ಪೆಪ್ಪರಮೆಂಟು ಎಣಿಸಿದ.

"ಪೆಪ್ಪರಮೆಂಟು ಕೊಟ್ರೆ ಯಾವ ವ್ಯಾನಿನವನು ಹತ್ತಿಸ್ಕೊಳ್ತಾನೆ?" ಚೋಲ್ವೆ ಕಿರುಚಿದ. ಜನ ಸೇರಿತು.

"ಗಂಡ ಹೆಂಡ್ತಿ ಹೀಗೆ ಬೀದೀಲಿ ಜಗಳ ಆಡ್ಬಾರ್ದಪ್ಪ," ಎಂದ ಚಪ್ಪಲಿ ಹೊಲಿಯುತ್ತಿದ್ದ ಮುದುಕ.

"ನಾನು ಇವರ ಗಂಡ ಅಲ್ಲ!"

"ನೋಡಿದ್ರಾ? ಅರ್ಧ ಡಾಲರಿಗೆ ಕಟ್ಟಿಕೊಂಡವಳನ್ನೇ ಬೇಡ ಅಂತಾನೆ!"

ಹನ್ನೊಂದೂವರೆಯಾಯಿತು. ಚೋಲ್ವೆಯ ತಾಳ್ಮೆಯ ಸ್ಪ್ರಿಂಗು ಕಿತ್ತುಹೋಯಿತು. "ಪೂರ್ತಿ ನೀವೇ ಇಟ್ಕೊಳ್ಳಿ! ಪೀಡೆ ತೊಲಗಲಿ!" ಎಂದವನೇ ಕಂಬಳಿ ತಲೆಗೇರಿಸಿ ಓಟ ಕಿತ್ತ.

"ಏಯ್, ನಿಲ್ಲೋ! ನಿನ್ನ ದುಡ್ಡು ನಂಗ್ಯಾಕೆ?" ಎಂದು ಆಕೆ ಕೂಗುತ್ತಲೇ ಇದ್ದರು.

ಬಿಸಿಲಲ್ಲಿ ನಡೆದೂ ನಡೆದೂ ಅವನು ಹೈಫೀಲ್ಡ್ ಮುಟ್ಟಿದಾಗ ಒಂದೂವರೆ. ಬೆವರಿನಲ್ಲಿ ಅದ್ದಿ ತೆಗೆದಂತಿದ್ದವನು ಒಳಗೆ ಕಾಲಿಟ್ಟ. ಮನೆಯ ದೊಡ್ಡ ಕುರ್ಚಿಯಲ್ಲಿ, ಅಪ್ಪನಿಗಿಂತ ಒಂದು ಗೇಣು ಎತ್ತರದಲ್ಲಿ, ಅದೇ ಹೆಂಗಸು.

"ಇವರು ನಮ್ಮ ಸೋದರತ್ತೆ," ಎಂದಳು ಶುವಾಯಿ, ಉಳಿದಿದ್ದಷ್ಟು ಧ್ವನಿಯಲ್ಲಿ.

"ಪೀಡೆ," ಎಂದು ಅತ್ತೆ ತಿದ್ದಿದರು. "ಅಲ್ಲಪ್ಪಾ, ಹೈಫೀಲ್ಡಿಗೆ ಹೋಗ್ಬೇಕು ಅಂತ ಒಂದು ಮಾತು ಅಂದಿದ್ರೆ, ಅದೇ ನೋಟು ಕೊಟ್ಟು ಇಬ್ರೂ ಒಂದೇ ವ್ಯಾನಲ್ಲಿ ಬರ್ತಿದ್ವಲ್ಲ!"

ಚೋಲ್ವೆ ಮನಸ್ಸಿನಲ್ಲೇ ಕೂಡಿ ನೋಡಿದ. ಒಂದು ಸೆಂಟೂ ಹೆಚ್ಚುಕಡಿಮೆ ಇರಲಿಲ್ಲ. ಆಗಲೇ ಅವನ ಕಣ್ಣು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ, ಇಸ್ತ್ರಿ ಅಂಗಿಯ ತರುಣನ ಮೇಲೆ ಬಿತ್ತು.

"ಇವರು ಯಾರು?"

"ನಾನು ಬಂದ ವ್ಯಾನಿನ ಚಿಲ್ಲರೆಯವನು," ಎಂದರು ಅತ್ತೆ. "ಅಲ್ಲೂ ನಂಗೂ ಇವನಿಗೂ ಸೇರಿ ಒಂದೇ ನೋಟು ಕೊಟ್ರು. ಬಂದವನೇ ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸಿದ. ಒಂದು ಗಂಟೆಯಿಂದ ಕೂತಿದ್ದಾನೆ, ಇಷ್ಟು ಹೊತ್ತಾದ್ರೂ ದುಡ್ಡಿನ ಸುದ್ದಿ ಎತ್ತಿಲ್ಲ."

ತರುಣ ನಾಚಿ ತಲೆ ತಗ್ಗಿಸಿದ. ಅತ್ತೆ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿಯುತ್ತ ಕೇಳಿದರು:

"ಅಂದಹಾಗೆ ಮಗಾ, ನಿನಗೆ ಮದುವೆ ಆಗಿದೆಯಾ?"