ಗ್ರಾಫಿನಲ್ಲೊಂದು ಕರೆಯದ ಶಿಖರ

ನನ್ನ ತಂಗಿಯ ಗಂಡನಿಗೆ ಕಣ್ಣಿಗೆ ಕಾಣುವ ವಸ್ತುಗಳ ಬಗ್ಗೆ ಕಿಂಚಿತ್ತೂ ಗೌರವವಿಲ್ಲ! ಎದುರಿಗಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಾನೆ. ಕೂದಲಿನ ದಪ್ಪದಲ್ಲಿ ಸಾವಿರಾರು ಹಿಡಿಸುವ ನ್ಯಾನೋ ಕಣಗಳ ಯೋಗಕ್ಷೇಮ ಮಾತ್ರ ಬಾಯಿಪಾಠ. ರಿಟೈರಾದ ಕೆಮಿಸ್ಟ್ರಿ ಲೆಕ್ಚರರು ಕಟ್ಟೆಯ ಮೇಲೆ ಕೂತು ರಾಜಕೀಯ ಮಾತಾಡಬೇಕಪ್ಪ. ಇವನು ಶಿಕಾರಿಪುರದ ಮನೆಯ ಹಿತ್ತಿಲಲ್ಲಿ ಫರ್ನೇಸ್ ಇಟ್ಟುಕೊಂಡು ಪಿಎಚ್.ಡಿ. ಮಾಡುತ್ತಿದ್ದಾನೆ!

ತಯಾರಿಸುವುದು ಜಿರ್ಕೋನಿಯಾ, ಒಂದು ಜಾತಿಯ ಪಿಂಗಾಣಿ ಪುಡಿ. ಲೋಹದ ಲವಣಕ್ಕೆ ಯಾವುದೋ ಸೊಪ್ಪಿನ ರಸ ಬೆರೆಸಿ ಫರ್ನೇಸಿಗಿಟ್ಟರೆ ಅದು ಉಕ್ಕಿ, ಭಗ್ಗೆಂದು ಹೊತ್ತಿ, ಹತ್ತಿಯಂಥ ಬಿಳಿ ಬೂದಿಯಾಗುತ್ತದೆ. ಆ ರಸಕ್ಕಾಗಿ ಚಂದ್ರಗುತ್ತಿಯ ಗುಡ್ಡದಿಂದ ಹಿಡಿದು ಸೊರಬದ ನನ್ನ ಕರಿಬೇವಿನವರೆಗೆ ಅವನು ಬೋಳಿಸದ ಗಿಡವಿಲ್ಲ. ನನ್ನ ಹಲ್ಲಿನ ಹೊಸ ಕ್ಯಾಪೂ ಅದೇ ವಸ್ತುವಿನದೆಂದು ಗೊತ್ತಾದ ದಿನ, ಊಟದ ನಡುವೆಯೇ ನನ್ನ ಬಾಯಿಗೆ ಟಾರ್ಚ್ ಬಿಟ್ಟ!

“ಅಕ್ಕಾರೆ, ಇನ್ನೊಂಚೂರು ತೆಗೀರಿ. ಏನ್ ಪಾಲಿಶ್ ರೀ!”

“ಎಕ್ಸ್‌ಕ್ಯೂಸ್ ಮಿ! ನಾನು ನಿನ್ನ ಸ್ಯಾಂಪಲ್ ಅಲ್ಲ,” ಎಂದೆ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಅಷ್ಟೂ ಡಿಗ್ನಿಟಿಯಿಂದ, ಬಾಯಿ ತೆರೆದುಕೊಂಡೇ.

ಪುಡಿಯನ್ನು ನುಣ್ಣಗೆ ಅರೆದು ಯೂನಿವರ್ಸಿಟಿಗೆ ಕಳಿಸಬೇಕು. ಅಲ್ಲಿಯ ಎಕ್ಸ್-ರೇ ಮಷೀನು ಗ್ರಾಫ್ ಬರೆಯುತ್ತದೆ; ಪ್ರತಿ ವಸ್ತುವಿಗೂ ಅದರದೇ ಶಿಖರಗಳು. ಇವನ ಗ್ರಾಫಿನಲ್ಲಿ ಪ್ರತಿಸಲವೂ ಕರೆಯದ ಶಿಖರವೊಂದು ಬಂದು ನಿಲ್ಲುತ್ತಿತ್ತು: ಸುಣ್ಣಕಲ್ಲಿನದು! ನೀರು ಬದಲಿಸಿದ, ಸೊಪ್ಪು ಬದಲಿಸಿದ, ಗೋಡೆಯ ಸುಣ್ಣ ಕೆರೆಸಿ ಪೇಂಟ್ ಹೊಡೆಸಿದ. ಶಿಖರ ಕದಲಲಿಲ್ಲ. ರಿಜಿಸ್ಟ್ರೇಷನ್ ಅವಧಿ ಮುಗಿಯುತ್ತ ಬಂದಿತ್ತು. “ಇನ್ನೊಂದು ಸಲ ಇಂಪ್ಯೂರ್ ಬಂದರೆ ಥೀಸಿಸ್ ಮರೆತುಬಿಡಿ ಸಾರ್,” ಎಂದಳಂತೆ ಗೈಡ್. ಆ ಗೈಡು ಇವನ ಹಳೆಯ ಸ್ಟೂಡೆಂಟ್!

ಆ ಬೆಳಿಗ್ಗೆ ನಾನು ಅವರ ಹಿತ್ತಿಲಲ್ಲೇ ಕಾಫಿ ಕುಡಿಯುತ್ತಿದ್ದೆ. ಇವನು ಪುಟ್ಟ ಕಲ್ಲೊರಳಿನ ಮೇಲೆ ಬಗ್ಗಿ ಅರೆಯುತ್ತಿದ್ದ. ಮುಖವೋ! ವಿಭೂತಿ ಹುಬ್ಬಿಗೆ, ಮೂಗಿಗೆ, ಒಂದು ಕಿವಿಗೆ. ಹಣೆಯೊಂದನ್ನು ಬಿಟ್ಟು ಎಲ್ಲೆಲ್ಲೂ. ಬೆವರಿನ ಜೊತೆ ಅದು ಉದುರುತ್ತಿದ್ದದ್ದು ನೇರ ಒರಳಿಗೆ.

“ಅಂಗಡಿ ವಿಭೂತಿಯಲ್ಲಿ ಇರೋದು ಸುಣ್ಣಕಲ್ಲಿನ ಪುಡೀನೇ ಅಲ್ವೇನೋ? ನಿನ್ನ ಸುಣ್ಣಕಲ್ಲು ಮುಖದಲ್ಲೇ ಇದ್ಯಲ್ಲೋ ಮಾರಾಯ!”

ವಿಜ್ಞಾನಿ ಮೂಗು ಮುಟ್ಟಿ ನೋಡಿಕೊಂಡ. “ಅಯ್ಯೋ ಶಿವನೇ!”

“ಶಿವನನ್ನ ಕರಿಬೇಡ, ಇದು ಅವನದೇ ಕೆಲಸ. ಹೋಗು, ಮುಖ ತೊಳ್ಕೊಂಡು ಬಾ.”

“ಆಗಲ್ರೀ ಅಕ್ಕಾರೆ. ಹಚ್ಚೋದು ನಾನಲ್ಲ, ನಿಮ್ಮ ತಂಗಿ.”

ಸ್ಟ್ರೋಕ್ ಆದಾಗಿನಿಂದ ಅವಳ ಬಲಗೈ ಮಂಚ ಬಿಟ್ಟು ಏಳುವುದಿಲ್ಲ ಎಂದೇ ನಾನು ತಿಳಿದಿದ್ದೆ. ಫಿಸಿಯೋಥೆರಪಿಯವರು ಚೆಂಡು ಕೊಟ್ಟರೆ ಮುಖ ತಿರುಗಿಸುತ್ತಾಳೆ.

“ಇದಕ್ಕೊಂದಕ್ಕೇ ಕೈ ಎತ್ತತಾಳ್ರೀ. ಎಲ್ಲಿ ಮುಟ್ಟತೈತೋ ಅಲ್ಲಿ. ತೊಳ್ಕೊಂಡಿದ್ದು ಕಂಡ್ಲಂದ್ರೆ ನಾಳೆ ಎತ್ತೋದೇ ಇಲ್ಲ.”

ಮಾರನೆಯ ದಿನದಿಂದ ಅವಳು ಏಳುವ ಮೊದಲೇ ಅರೆಯುವ ಕೆಲಸ. ಆಮೇಲೆ ವಿಭೂತಿ ಹಚ್ಚಿಸಿಕೊಳ್ಳಲು ಮಂಚದ ಪಕ್ಕ ಕಣ್ಣು ಮುಚ್ಚಿ ಕೂರುವುದು.

ಮೊನ್ನೆ ವಿಡಿಯೋ ಕಾಲ್ ಮಾಡಿದ.

“ಗ್ರಾಫ್ ಬಂತೇನೋ?”

“ಬಂತ್ರೀ, ಪ್ಯೂರ್ ಐತಿ. ಅದಿರ್ಲಿ, ಇಲ್ನೋಡ್ರೀ!”

ಪರದೆಯ ತುಂಬ ಅವನ ಮುಖ. ಮೂಗು ಖಾಲಿ, ಕಿವಿ ಖಾಲಿ. ಹುಬ್ಬಿನಿಂದ ಮೇಲೆ, ನಡುಗುತ್ತ ಹೋದ ಒಂದೇ ಗೆರೆ, ಹಣೆಯ ಈ ತುದಿಯಿಂದ ಆ ತುದಿಗೆ.