ಅತ್ತೆಯ ಆಸನದೊಳಗೆ ಅಳಿಯ

“ಅಂಗಡಿಯಿಂದ ಬೆಂಚು ತರ್ತೀಯಾ? ಅದೂ ನಿಮ್ಮಮ್ಮನಿಗೆ? ನಾನಿನ್ನೂ ಬದುಕಿದ್ದೀನಿ ಕಣೇ!” ಎಂದು ವಿಮಾ ಕಚೇರಿಯ ಸಾಹೇಬರು ಹೆಂಡತಿಯ ಮುಂದೆ ಸುತ್ತಿಗೆ ಎತ್ತಿ ಶಪಥ ಮಾಡಿದರು.

ಶಪಥಕ್ಕೆ ಕಾರಣವಿತ್ತು. ಮದುವೆಯಾದಂದಿನಿಂದ ಅತ್ತೆಯವರದು ಒಂದೇ ಮಾತು: “ಅಳಿಯಂದ್ರು ಬಂಗಾರ. ಗೋಡೆಗೆ ಮೊಳೆ ಹೊಡೆಯೋಕೆ ಮಾತ್ರ ಹೇಳ್ಬೇಡಿ!” ಈ ಕಳಂಕ ತೊಳೆಯದೆ ತಾವು ನಿವೃತ್ತರಾಗುವುದಿಲ್ಲವೆಂದು ಸಾಹೇಬರ ಹಟ.

ಪಕ್ಕದ ಬೀದಿಯಲ್ಲಿ ಕೆಡವಿದ ಹಳೇ ಮನೆಯ ಮುಂಬಾಗಿಲನ್ನು ಹೊರಿಸಿಕೊಂಡು ಬಂದರು. ಬಾಗಿಲೆಂದರೆ ಬಾಗಿಲು! ಅಪ್ಪಟ ತೇಗ, ಮುಚ್ಚಿದರೆ ತಾನಾಗಿಯೇ ಬೀಳುವ ಹಿತ್ತಾಳೆ ಬೀಗ ಬೇರೆ. ಕೊಯ್ದರು, ಉಜ್ಜಿದರು, ಬೆರಳು ಜಜ್ಜಿಕೊಂಡರು. ಅಂತೂ ಒಂದು ಮಹಾಸನ ಎದ್ದು ನಿಂತಿತು. ಕೆಳಗೆ ಅತ್ತೆಯ ಶಾಲು ಹೊದಿಕೆಗಳಿಗೆ ಪೆಟ್ಟಿಗೆ. ಮೇಲೆ ಅತ್ತೆ ಕೂರಲು ಬೀಗ ಸಮೇತವಾದ ಮುಚ್ಚಳ.

“ಆ ಬೀಗ ಯಾಕ್ರೀ? ಕಿತ್ತು ಬಿಸಾಕಿ.”

“ಕೀಳೋದಾ! ಅದೇ ಕಣೇ ಇದರ ಕಿರೀಟ!”

ಅತ್ತೆ ಬರುವ ದಿನ, ಪೆಟ್ಟಿಗೆಯ ತಳದಲ್ಲಿ ಮೊಳೆಯೊಂದು ಮೂತಿ ಎತ್ತಿರುವುದು ಕಂಡಿತು. ಶಾಲು ಹರಿದರೆ ಮಾನವೂ ಹರಿದಂತೆ! ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು ಪೆಟ್ಟಿಗೆಯೊಳಗೆ ಇಳಿದರು. ಮೊಳೆ ಬಡಿಯಲು ಮುದುಡಿಕೊಂಡದ್ದೇ ತಡ, ಮುಚ್ಚಳ ಮೆಲ್ಲಗೆ ಮೇಲೆ ಒರಗಿತು. ಅಷ್ಟರಲ್ಲಿ ಹೆಂಡತಿ ಬಾಗಿಲು ತೆರೆದ ಸದ್ದು, ಮೆಟ್ಟಿಲು ಹತ್ತಿ ದಣಿದ ಅತ್ತೆಯ ಏದುಸಿರು, ಆಮೇಲೆ ನೆತ್ತಿಯ ಮೇಲೆ ಧೊಪ್ಪೆಂದು ಭಾರ. ಕಟಕ್!

ಬೀಗ ಬಿತ್ತು. ಬೀಗದ ಕೈ ಸಾಹೇಬರ ಜೇಬಿನಲ್ಲಿ. ಅದನ್ನು ತೂರಿಸುವ ಕಂಡಿ ಹೊರಗಡೆ!

ಕೂಗಲು ಬಾಯಿ ತೆರೆದರು. ಮೇಲಿಂದ ಅಶರೀರವಾಣಿ ಕೇಳಿಸಿತು: “ಎಷ್ಟು ಗಟ್ಟಿಯಾಗಿದೆಯೇ ಇದು! ಯಾವ ಬಡಗಿ ಮಾಡಿದ್ದು?”

“ನಿನ್ನ ಅಳಿಯನೇ ಅಮ್ಮ.”

“ಹೋಗೇ ಸುಳ್ಳಿ! ...ನಿಜವಾಗ್ಲೂ? ಛೇ, ಇಷ್ಟು ವರ್ಷ ಆ ಮನುಷ್ಯನ್ನ ಸುಮ್ಸುಮ್ನೆ ಆಡ್ಕೊಂಡೆನಲ್ಲೇ!”

ಸಾಹೇಬರು ತೆರೆದ ಬಾಯಿ ಮುಚ್ಚಿದರು. ಇದೇ ಮಾತಿಗಾಗಿಯಲ್ಲವೇ ಈ ಜೀವ ಕಾದದ್ದು! ಕೂಗಿದರೆ ಕೀರ್ತಿ ಹೋಯಿತು, ಕೂಗದಿದ್ದರೆ ಉಸಿರು. ಅತ್ತೆ ಒಮ್ಮೆ ಎದ್ದು ಒಳಗೆ ಹೋಗಲಿ ಎಂದು ಕಾದರು. ಅತ್ತೆಗೆ ಆಸನ ಹಿತವಾಗಿತ್ತು; ತಂಗಿಗೆ ಫೋನ್ ಹಚ್ಚಿ ಅಳಿಯನ ಗುಣಗಾನ ಶುರುಮಾಡಿದರು. ಅದು ತಾರಕಕ್ಕೇರುವಾಗ ಮರದ ಪುಡಿ ಸಾಹೇಬರ ಮೂಗಿಗೇರಿತು.

“ಆ... ಕ್ಷೀ!”

“ಅಯ್ಯಯ್ಯೋ! ಬೆಂಚು ಸೀನ್ತು ಕಣೇ!”

“ಬೆಂಚಲ್ಲ ಅತ್ತೆ... ನಾನು.”

“ರೀ! ಒಳಗೇನ್ ಮಾಡ್ತಿದ್ದೀರಿ?” ಹೆಂಡತಿ ಚೀರಿದಳು.

“ತಪಾಸಣೆ!”

“ಬೀಗದ ಕೈ ಎಲ್ಲಿ?”

“ಭದ್ರವಾಗಿದೆ. ನನ್ನ ಹತ್ರಾನೇ.”

ಹೆಂಡತಿ ಮುಚ್ಚಳ ಎಳೆದಳು; ಅತ್ತೆ ಸೌಟು ತಂದು ಮೀಟಿದರು. ಸೌಟು ಬಾಗಿತು, ತೇಗ ಜಗ್ಗಲಿಲ್ಲ. ಒಳಗೆ ಉಸಿರು ಬಿಸಿಯಾಗುತ್ತಿತ್ತು. ಕತ್ತಲಲ್ಲಿ ತಡಕಾಡಿದ ಬೆರಳಿಗೆ ಮೂಲೆಯಲ್ಲಿ ಮೆತ್ತಗೆ ಏನೋ ತಾಕಿತು. ಹಲಗೆಗೆ ಹಲಗೆ ಕೂಡದೆ ಬಾಯಿಬಿಟ್ಟಾಗ, ಲೋಕದ ಕಣ್ಣು ತಪ್ಪಿಸಿ ತಾವೇ ಮೆತ್ತಿದ್ದ ಮೇಣ! ಒತ್ತಿದರು. ಮೇಣ ಕಳಚಿತು. ಬೆಳಕು ಬಂತು, ಗಾಳಿ ಬಂತು. ಅದೇ ಸಂದಿಯಿಂದ ಬೀಗದ ಕೈ ಹೊರಗೆ ಜಾರಿತು.

ಮುಚ್ಚಳ ತೆರೆಯಿತು. ಸಾಹೇಬರು ಆಗತಾನೇ ಹುಟ್ಟಿದವರಂತೆ ಉಸಿರೆಳೆದುಕೊಂಡರು. ಅತ್ತೆ ಅವರ ತಲೆಯ ಪುಡಿ ಕೊಡವಿ, ಎರಡು ಬೆರಳು ತೂರುವ ಆ ಸಂದಿಯನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡರು.

“ಸದ್ಯ, ನೀವೇ ಮಾಡಿದ್ರಿ ಅಳಿಯಂದ್ರೇ! ಕೆಲಸ ಬಲ್ಲ ಬಡಗಿ ಮಾಡಿದ್ದಿದ್ರೆ ಇವತ್ತು ನಿಮ್ಮ ಗತಿ ಏನಾಗ್ತಿತ್ತು!”