ಪರವಾಗಿಲ್ಲದವನ ಬಲಗಾಲು

ಮೇಷ್ಟ್ರು ಆ ಬಟ್ಟಲನ್ನು ಮೆಟ್ಟಿಲ ಮೇಲೆ ಇಡಬಾರದಿತ್ತು. ಇಟ್ಟರೂ ಗೋಡೆಯ ಕಡೆಗೆ ಸರಿಸಿ ಇಡಬಹುದಿತ್ತು. ಇಡೀ ಕಟ್ಟಡದಲ್ಲಿ ಬಲ್ಬು ಸುಟ್ಟುಹೋಗಿ ಹಗಲಲ್ಲೂ ಕತ್ತಲಾಗಿರುವ ತಿರುವು ಅದೊಂದೇ. ಅಲ್ಲೇ, ನಟ್ಟನಡುವೆ, ಬಟ್ಟಲು ತುಂಬ ಕೆಂಪು ಬಣ್ಣ ಕಲಸಿಟ್ಟು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಂಗಿ ಬದಲಿಸಲು ಮನೆಯೊಳಗೆ ಹೋದರು. ಇರುವ ಒಂದೇ ಒಳ್ಳೆಯ ಅಂಗಿಗೆ ಬಣ್ಣ ಮೆತ್ತಿಕೊಂಡರೆ ಮನೆಗೆ ಸೇರಿಸುವುದಿಲ್ಲ ಎಂದು ಅವರ ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಿದ್ದರು.

ಅದೇ ಹೊತ್ತಿಗೆ ಮೇಲಿನ ಮಹಡಿಯ ಗುಮಾಸ್ತ ಇಳಿದು ಬರುತ್ತಿದ್ದ. ಬಿಳಿ ಅಂಗಿ, ಹೆಂಡತಿ ಎರಡು ಸಲ ಇಸ್ತ್ರಿ ಮಾಡಿಕೊಟ್ಟ ಬೂದು ಪ್ಯಾಂಟು, ಪಾಲಿಶ್ ಮಾಡಿದ ಬೂಟು.

ಅವನನ್ನು ಕಟ್ಟಡದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಪರವಾಗಿಲ್ಲ' ಎಂದು. ಪಕ್ಕದವರ ನೀರು ಅವನ ತಲೆಯ ಮೇಲೆ ಬಿದ್ದರೂ "ಪರವಾಗಿಲ್ಲ", ಅವನ ಸೈಕಲ್ ತೆಗೆದುಕೊಂಡು ಹೋದವರು ಬರೀ ಚಕ್ರ ತಂದುಕೊಟ್ಟರೂ "ಪರವಾಗಿಲ್ಲ". ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಮಗಳು ಹುಟ್ಟಿದ ವರ್ಷ ತಾತ್ಕಾಲಿಕ ಅಂತ ಸೇರಿದವನು. ಈಗ ಮಗಳು ಭಾಗಾಕಾರ ಮಾಡುತ್ತಾಳೆ, ಅವನು ಇನ್ನೂ ತಾತ್ಕಾಲಿಕ. ಅವನ ನಂತರ ಬಂದವರೆಲ್ಲ ಕಾಯಂ ಆಗಿದ್ದರು. ಯಾರಾದರೂ ಕೇಳಿದರೆ ಅದಕ್ಕೂ "ಪರವಾಗಿಲ್ಲ" ಎಂದೇ ಉತ್ತರ.

ಆದರೆ ಈ ದಿನದ ಮಾತು ಬೇರೆ. ಕಾಯಂ ಆಗುವ ಹುದ್ದೆ ಒಂದು ಖಾಲಿಯಿತ್ತು. ಹನ್ನೊಂದು ಗಂಟೆಗೆ ಸಂದರ್ಶನ. ತಡವಾಗಿ ಬಂದವರನ್ನು ಬಾಗಿಲಿನ ಒಳಗೂ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು.

"ಇವತ್ತೊಂದು ದಿನ ಬಾಯಲ್ಲಿ ಪರವಾಗಿಲ್ಲ ಅನ್ನೋ ಮಾತು ಬಂದ್ರೆ ನೋಡಿ ಮತ್ತೆ," ಎಂದು ಹೆಂಡತಿ ಹೇಳಿ, ಅವನಿಗಿಂತ ಮೊದಲೇ ಮಗಳ ಕೈಹಿಡಿದು ಕೆಳಗಿನ ಮೈದಾನಕ್ಕೆ ಹೋಗಿದ್ದಳು. ಯಾಕೆಂದರೆ ಅದೇ ದಿನ, ಅದೇ ಬೆಳಿಗ್ಗೆ, ಕಟ್ಟಡದಲ್ಲಿ ತುರ್ತು ಪರಿಸ್ಥಿತಿಯ ಅಣಕು ಕಾರ್ಯಾಚರಣೆ.

ಬೀದಿಯ ಆಚೆ ಕಡೆಯ ಕಟ್ಟಡದಲ್ಲಿ ಗ್ಯಾಸ್ ಸೋರಿ, ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದ ಮೇಲೆ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿಗೆ ಜ್ಞಾನೋದಯವಾಗಿತ್ತು. ಸೆಕ್ರೆಟರಿಯದು ಟೈರ್ ಅಂಗಡಿ, ಕೊರಳಲ್ಲಿ ಸದಾ ಒಂದು ಸೀಟಿ. ಅವರು ಅಗ್ನಿಶಾಮಕ ದಳದಿಂದ ಒಬ್ಬ ಮೇಡಂ ಅವರನ್ನು ಕರೆಸಿ ಒಂದು ಭಾನುವಾರವೆಲ್ಲ ತರಬೇತಿ ಕೊಡಿಸಿದರು. ಮೇಡಂ ಊರಿನ ಕಚೇರಿಗಳಿಗೆಲ್ಲ ಪಾಠ ಹೇಳಿ ಬಂದವರು. "ನಿಮ್ಮ ಆಫೀಸಿಗೂ ಬಂದಿದ್ದೆ. ನಿಮ್ಮ ಸಾಹೇಬರಷ್ಟು ಚೆನ್ನಾಗಿ ಕಲಿತವರು ಯಾರೂ ಇಲ್ಲ," ಎಂದು ಗುಮಾಸ್ತನಿಗೆ ಹೇಳಿದ್ದರು. ಆಫೀಸಿನ ಆ ಪಾಠ ಅವನಿಗೆ ಸಿಕ್ಕಿರಲಿಲ್ಲ. ಎಲ್ಲರೂ ಕಲಿಯಲು ಹೋದಾಗ ಕೌಂಟರಿನಲ್ಲಿ ಕೂರಲು ಒಬ್ಬ ಬೇಕಲ್ಲ.

ಮೇಡಂ ಹೇಳಿದ್ದರಲ್ಲಿ ಜನರ ತಲೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದು ಒಂದೇ ಮಾತು. "ಕೂಗಾಡೋನಿಗೆ ಉಸಿರಿದೆ, ಶಕ್ತಿ ಇದೆ, ಅವನು ಸ್ವಲ್ಪ ಹೊತ್ತು ಕಾಯ್ತಾನೆ. 'ನನಗೇನೂ ಆಗಿಲ್ಲ, ಬಿಟ್ಬಿಡಿ' ಅಂತಾನಲ್ಲ, ಅವನನ್ನು ನಂಬಬೇಡಿ. ಆಘಾತ ಆದವರು ಹಾಗೇ ಹೇಳೋದು. ಎದ್ದು ಓಡೋಕೂ ನೋಡ್ತಾರೆ. ಹಿಡಿದು ಮಲಗಿಸಿ."

ಗಾಯಾಳುವಿನ ಪಾತ್ರ ಯಾರದೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. "ನಿಜವಾಗಿ ಆದಾಗ ಯಾರು ಬೀಳ್ತಾರೆ ಅಂತ ಗೊತ್ತಿರುತ್ತಾ? ಮೆಟ್ಟಿಲ ಮೇಲೆ ಒಬ್ಬರು ಇರ್ತಾರೆ, ಬಲಗಾಲು ಮುರಿದಿರುತ್ತೆ. ಹುಡುಕಿಕೊಂಡು ಹೋಗಿ," ಎಂದಿದ್ದರು ಮೇಡಂ. ಗೊತ್ತಿದ್ದದ್ದು ಅವರಿಗೆ ಮತ್ತು ಮೇಷ್ಟ್ರಿಗೆ.

ಗುಮಾಸ್ತನ ಬೂಟು ಬಟ್ಟಲಿಗೆ ತಾಕಿತು. ಬಟ್ಟಲು ಮಗುಚಿತು. ಅವನು ಜಾರಿ, ಗೋಡೆ ತಬ್ಬಿ, ಕೊನೆಗೆ ಮೆಲ್ಲಗೆ, ದೊಡ್ಡವರು ಕುರ್ಚಿ ಕೊಟ್ಟಾಗ ಕೂರುವ ಹಾಗೆ, ಮೆಟ್ಟಿಲ ಮೇಲೆ ಕುಳಿತುಕೊಂಡ. ಪೆಟ್ಟೇನೂ ಆಗಲಿಲ್ಲ. ಆದರೆ ಬಲಗಾಲು ಮಂಡಿಯಿಂದ ಬೂಟಿನವರೆಗೆ ಕೆಂಪು.

ಕೆಳಗೆ ಸೀಟಿ ಮೊಳಗಿತು.

ಅವನು ಬೆಚ್ಚಿ ಏಳುವಷ್ಟರಲ್ಲಿ ಸೆಕ್ರೆಟರಿ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು. ಹಿಂದೆ ನೆಲಮಹಡಿಯ ಟೈಲರಕ್ಕ, ಅವರ ಹಿಂದೆ ಹಳೆಯ ಬಾಗಿಲೊಂದನ್ನು ಹೊತ್ತ ನಾಲ್ಕು ಜನ.

"ಸಿಕ್ಕಿದ್ರು, ಸಿಕ್ಕಿದ್ರು," ಎಂದರು ಸೆಕ್ರೆಟರಿ, ಕಳೆದುಹೋದ ಕೊಡೆ ಸಿಕ್ಕಿದಷ್ಟು ಸಂತೋಷದಿಂದ. "ಏನ್ರೀ ಪರವಾಗಿಲ್ಲ, ನಿಮ್ಮನ್ನಾ ಗಾಯಾಳು ಮಾಡಿರೋದು? ಎಲ್ಲಿ ನೋವು?"

"ನನಗೇನೂ ಆಗಿಲ್ಲ ಸಾರ್."

ಎಲ್ಲರೂ ಮುಖ ಮುಖ ನೋಡಿಕೊಂಡರು. ಸೆಕ್ರೆಟರಿಯ ಕಣ್ಣು ಹೊಳೆಯಿತು. "ಅದೇ ಮಾತು. ಮೇಡಂ ಹೇಳಿದ ಅದೇ ಮಾತು. ಹಿಡ್ಕೊಳ್ಳಿ."

"ಸಾರ್, ಇದು ಬಣ್ಣ. ನನಗೆ ಸಂದರ್ಶನ ಇದೆ. ಹನ್ನೊಂದಕ್ಕೆ."

"ಎದ್ದು ಓಡೋಕೆ ನೋಡ್ತಿದಾರೆ," ಎಂದು ಬಾಗಿಲು ಹೊತ್ತವರಲ್ಲಿ ಒಬ್ಬ ಖುಷಿಯಿಂದ ಹೇಳಿದ. "ಎಷ್ಟು ಚೆನ್ನಾಗಿ ಮಾಡ್ತಿದಾರೆ ನೋಡಿ."

ಅವನನ್ನು ಬಾಗಿಲ ಮೇಲೆ ಮಲಗಿಸಿ ಹಗ್ಗದಲ್ಲಿ ಬಿಗಿದರು. ಟೈಲರಕ್ಕ ಕೊರಳಿನ ಟೇಪು ತೆಗೆದು ಮೊದಲು ಕಾಲಿನ ಅಳತೆ ತೆಗೆದುಕೊಂಡರು. ಅಳತೆಯಿಲ್ಲದೆ ಬಟ್ಟೆ ಮುಟ್ಟುವುದು ಅವರ ಕೈಗೆ ಗೊತ್ತಿಲ್ಲ. ಎರಡು ಮರದ ಪಟ್ಟಿ ಇಟ್ಟು, ಬ್ಯಾಂಡೇಜು ಸುತ್ತಿ, ಬಾಯಲ್ಲಿ ಕಚ್ಚಿದ್ದ ಸೂಜಿಗೆ ದಾರ ಪೋಣಿಸಿದರು.

"ಅಕ್ಕಾ, ಗಂಟು ಹಾಕಿ ಸಾಕು," ಎಂದು ಗುಮಾಸ್ತ ಗೋಗರೆದ.

"ಗಂಟು ಬಿಚ್ಚಿಕೊಳ್ಳುತ್ತೆ ಕಣಪ್ಪ. ನನ್ನ ಹೊಲಿಗೆ ಬಿಚ್ಚಿಕೊಂಡಿದ್ದನ್ನ ಇದುವರೆಗೆ ಯಾರಾದ್ರೂ ನೋಡಿದಾರಾ? ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ." ಬ್ಯಾಂಡೇಜಿನ ಅಂಚು ಮಡಚಿ, ಮದುವೆಯ ಕೋಟಿನ ತೋಳಿನಷ್ಟು ಅಚ್ಚುಕಟ್ಟಾಗಿ ಜೋಡಿ ಹೊಲಿಗೆ ಹಾಕಿದರು.

ಅವನ ಮೆರವಣಿಗೆ ಇಳಿದು ಟೈರ್ ಅಂಗಡಿಯ ಟೆಂಪೊ ಹತ್ತಿತು. ಟೆಂಪೊ ಆ ದಿನದ ಆಂಬುಲೆನ್ಸು. ಮೈದಾನ ಇದ್ದದ್ದು ಕಟ್ಟಡದ ಬೆನ್ನಿಗೇ. ಆದರೂ ಸೆಕ್ರೆಟರಿ ಇಡೀ ಬಡಾವಣೆ ಸುತ್ತಿಸಿದರು. "ಆಂಬುಲೆನ್ಸ್ ಅಂದ ಮೇಲೆ ಸ್ವಲ್ಪ ದೂರ ಹೋಗಬೇಕು ಕಣ್ರೀ, ಇಲ್ಲಾಂದ್ರೆ ಅಭ್ಯಾಸ ಹೇಗಾಗುತ್ತೆ?" ಸೀಟಿ ಊದಿದ್ದೇ ಊದಿದ್ದು. ಗುಮಾಸ್ತ ಮಲಗಿದಲ್ಲೇ ಆಕಾಶ ನೋಡುತ್ತ, ಸೂರ್ಯ ಏರುವುದನ್ನು ಕಂಡು ಕಂಗಾಲಾದ.

ಮೈದಾನದಲ್ಲಿ ಅವನನ್ನು ಇಳಿಸಿದಾಗ ಮೊದಲು ಬಂದವಳು ಹೆಂಡತಿ. ಗಂಡನನ್ನು ಬಾಗಿಲ ಮೇಲೆ ಕಂಡು ದಂಗಾದಳು.

"ಏನ್ರೀ ಇದು? ಮನೇಲಿ ಕುಡಿದ ಲೋಟ ಎತ್ತಿಡಿ ಅಂದ್ರೆ ಟೈಮಿಲ್ಲ. ಇವತ್ತಿನ ದಿನ ಇಲ್ಲಿ ಬಂದು ನಾಟಕ ಆಡೋಕೆ ಟೈಮಿದೆಯಾ?"

"ಇವರಿಗೆ ಹೇಳೇ, ನನಗೇನೂ ಆಗಿಲ್ಲ ಅಂತ."

ಗಡಿಯಾರ ಹಿಡಿದುಕೊಂಡು ಮೇಡಂ ಬಂದರು. ಬಾಗಿಲ ಮೇಲಿನ ಮುಖ ನೋಡಿದರು. ನಗು ಅರ್ಧದಲ್ಲೇ ನಿಂತಿತು.

"ಇವರ್ಯಾಕೆ ಇಲ್ಲಿ ಮಲಗಿದಾರೆ?"

"ನೀವೇ ಮಲಗಿಸಿದ್ದೀರಲ್ಲ ಮೇಡಂ, ಗಾಯಾಳು," ಎಂದರು ಸೆಕ್ರೆಟರಿ.

"ನಾನು ಮಲಗಿಸಿದ್ದು ಇವರನ್ನಲ್ಲ." ಮೇಡಂ ಮುಖ ಸುಣ್ಣದ ಗೋಡೆಯಂತಾಯಿತು. "ಹಾಗಾದ್ರೆ ಇದು ನಿಜವಾದ ರಕ್ತ."

ಸೆಕ್ರೆಟರಿಯ ಬಾಯಿಂದ ಸೀಟಿ ಜಾರಿ ಬಿತ್ತು. ಟೈಲರಕ್ಕ ಸೂಜಿ ಹಿಡಿದ ತಮ್ಮ ಕೈಯನ್ನೇ ಹೆದರಿ ನೋಡಿಕೊಂಡರು. ಹೆಂಡತಿ ಬಾಗಿಲ ಪಕ್ಕ ಕುಸಿದು, ಲೋಟದ ಮಾತು ವಾಪಸು ತೆಗೆದುಕೊಂಡು ಅಳತೊಡಗಿದಳು. ಗುಮಾಸ್ತನಿಗೂ ಒಂದು ಗಳಿಗೆ ಅನುಮಾನ ಬಂತು. ಇಷ್ಟು ಜನ ಹೇಳುತ್ತಿದ್ದಾರೆಂದರೆ ನಿಜವಾಗಿಯೂ ಏನೋ ಆಗಿರಬೇಕು ಎಂದು ಕಾಲಿನ ಬೆರಳು ಅಲ್ಲಾಡಿಸಿ ನೋಡಿಕೊಂಡ.

ಆಗ ಮೈದಾನದ ಗೇಟಿನಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ಹರಿದ ಅಂಗಿ, ಕೆದರಿದ ಕೂದಲು, ಕೈಯಲ್ಲಿ ಖಾಲಿ ಬಟ್ಟಲು.

"ಎಷ್ಟು ಹೊತ್ತು ಸ್ವಾಮಿ ನಾನು ಮೆಟ್ಟಿಲ ಮೇಲೆ ಬಿದ್ದಿರಬೇಕು? ಪೇಪರ್ ಹಾಕೋನು ಬಂದು ನನ್ನನ್ನ ದಾಟಿಕೊಂಡು ಹೋದ. ಒಬ್ಬರಾದ್ರೂ ನನ್ನ ಕಾಪಾಡಿದ್ರಾ? ಸಾಲದ್ದಕ್ಕೆ ನನ್ನ ಬಣ್ಣ ಬೇರೆ ಯಾರೋ ಚೆಲ್ಲಿದಾರೆ."

ಎಲ್ಲರ ಕಣ್ಣೂ ಬಟ್ಟಲಿನಿಂದ ಗುಮಾಸ್ತನ ಕಾಲಿಗೆ, ಕಾಲಿನಿಂದ ಬಟ್ಟಲಿಗೆ ಓಡಾಡಿದವು. ಹಗ್ಗ ಬಿಚ್ಚಿದರು. ಹೊಲಿಗೆ ಬಿಚ್ಚಲು ಕತ್ತರಿ ಬೇಕಿತ್ತು, ಕತ್ತರಿ ಟೈಲರಕ್ಕನ ಮನೆಯಲ್ಲಿತ್ತು, ಮನೆಯ ಬೀಗದ ಕೈ ಯಾರ ಹತ್ತಿರವೋ ಇತ್ತು. ಗುಮಾಸ್ತ ಕಾಯಲಿಲ್ಲ. ಮರದ ಪಟ್ಟಿ ಕಟ್ಟಿದ ಕಾಲನ್ನು ಬೇಲಿಯ ಗೂಟದಂತೆ ಮುಂದೆ ಎಸೆಯುತ್ತ ಕುಂಟಿಕೊಂಡೇ ಓಡಿ ಆಟೊ ಹತ್ತಿದ.

ಕಚೇರಿ ಮುಟ್ಟಿದಾಗ ಹನ್ನೊಂದು ಯಾವಾಗಲೋ ದಾಟಿತ್ತು. ಸಾಹೇಬರು ಕೋಣೆಯಿಂದ ಹೊರಗೆ ಬರುತ್ತಿದ್ದರು. ಇವನನ್ನು ಕಂಡು ನಿಂತರು.

"ಏನ್ರೀ ಇದು ಅವತಾರ?"

ಗುಮಾಸ್ತ ಬಾಯಿ ತೆರೆದ. ನಡೆದದ್ದನ್ನು ನಡೆದ ಹಾಗೆ ಹೇಳುವವನಿದ್ದ. ಅಷ್ಟರಲ್ಲಿ ಸಾಹೇಬರೇ ಮುಂದುವರಿಸಿದರು: "ನೋಡಿ, ಸುಮ್ಮನೆ ತಡ ಮಾಡಿ ಬಂದಿದ್ರೆ ನಾನೇನೂ ಮಾಡೋಕಾಗಲ್ಲ, ಹುದ್ದೆ ಇನ್ನೊಬ್ಬರಿಗೆ ಹೋಗುತ್ತೆ. ಅಪಘಾತ ಆಗಿದ್ರೆ ಮಾತ್ರ ಇನ್ನೊಂದು ದಿನ ಕರೆಯೋಕೆ ಅವಕಾಶ ಇದೆ. ಹೇಳಿ, ಏನಾಗಿದೆ ಕಾಲಿಗೆ?"

ಗುಮಾಸ್ತ ತನ್ನ ಕಾಲನ್ನು ನೋಡಿಕೊಂಡ. ಕೆಂಪು ಕಲೆ, ಮರದ ಪಟ್ಟಿ, ಜೋಡಿ ಹೊಲಿಗೆ. ಯಾರು ನೋಡಿದರೂ ಮುರಿದ ಕಾಲೇ. ಭಾಗಾಕಾರ ಮಾಡುವ ಮಗಳು ಕಣ್ಣ ಮುಂದೆ ಬಂದಳು. ಜನ್ಮದಲ್ಲಿ ಮೊದಲ ಸಲ ಅವನು ಪರವಾಗಿಲ್ಲ ಎನ್ನಲಿಲ್ಲ.

"ಮುರಿದುಹೋಗಿದೆ ಸಾರ್. ಎರಡು ತುಂಡು. ಅಯ್ಯೋ, ತಡೆಯೋಕಾಗ್ತಿಲ್ಲ ಸಾರ್. ಅಪ್ಪಾ, ಅಮ್ಮಾ..." ಒಮ್ಮೆ ಶುರು ಮಾಡಿದ ಮೇಲೆ ಅವನಿಗೇ ನಿಲ್ಲಿಸಲಾಗಲಿಲ್ಲ. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದೆಲ್ಲ ಹೊರಗೆ ಬಂದಂತೆ ಗೋಡೆ ಹಿಡಿದು ಗೋಳಾಡಿದ.

ಸಾಹೇಬರು ಕೈಕಟ್ಟಿ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ನಕ್ಕರು.

"ತರಬೇತಿಗೆ ನೀವು ಬಂದಿರಲಿಲ್ಲ ಅಲ್ವಾ? ಬಂದಿದ್ರೆ ಗೊತ್ತಿರ್ತಿತ್ತು. ನಿಜವಾಗಿ ಪೆಟ್ಟಾದವನು ಏನಂತಾನೆ ಗೊತ್ತೇನ್ರೀ? 'ನನಗೇನೂ ಆಗಿಲ್ಲ' ಅಂತಾನೆ. ಅಷ್ಟು ಸಲ ಪರವಾಗಿಲ್ಲ ಅನ್ನೋ ಮನುಷ್ಯ, ಇವತ್ತು ಹೀಗೆ ಕೂಗ್ತಿದೀರಿ ಅಂದ ಮೇಲೆ..." ತಲೆ ಅಲ್ಲಾಡಿಸಿದರು. "ತುಂಬಾ ಬೇಜಾರಾಯ್ತು. ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ." ಬಾಗಿಲು ಮುಚ್ಚಿಕೊಂಡಿತು.

ಬೆಳಗಿನಿಂದ ನಿಜ ಹೇಳಿದಾಗ ಯಾರೂ ನಂಬಿರಲಿಲ್ಲ. ಸುಳ್ಳು ಹೇಳಿದರೂ ನಂಬಲಿಲ್ಲ. ಅದೇ ಯೋಚನೆಯಲ್ಲಿ ಗುಮಾಸ್ತ ಕಚೇರಿಯ ಮೆಟ್ಟಿಲು ಇಳಿಯತೊಡಗಿದ. ಬಲಗಾಲು ಮಡಚುವುದಿಲ್ಲ ಎಂಬುದು ಮರೆತೇಹೋಗಿತ್ತು. ಬಲಗಾಲು ಮುಂದೆ ಜಾರಿತು, ಎಡಗಾಲು ಮೈಯಡಿಗೆ ಸಿಕ್ಕಿಕೊಂಡಿತು, ಅದರಿಂದ ಒಣಕಟ್ಟಿಗೆ ಮುರಿದಂತೆ ಸದ್ದು ಕೇಳಿಸಿತು.

ಅವನ ಕಿರುಚಾಟಕ್ಕೆ ಮೇಲಿನ ಕಿಟಕಿ ತೆರೆಯಿತು. "ಇನ್ನೂ ನಿಲ್ಲಿಸಿಲ್ಲವಾ?" ಎಂದರು ಸಾಹೇಬರು. ಕಿಟಕಿ ಮುಚ್ಚಿತು. ಸಾಹೇಬರೇ ಹಾಗೆಂದ ಮೇಲೆ ಕಾವಲುಗಾರನೂ ಕುರ್ಚಿ ಬಿಟ್ಟು ಏಳಲಿಲ್ಲ.

ಗೇಟಿನವರೆಗೆ ತೆವಳಿ ಹಿಡಿದ ಆಟೊದವನಿಗೆ ಆಸ್ಪತ್ರೆ ಎಂದು ಹೇಳಲು ಹೋಗಿ ನೋವಿನಲ್ಲಿ ರೂಢಿಯ ಮಾತೇ ಬಂದುಬಿಟ್ಟಿತು, ಮನೆ. ಕಟ್ಟಡದ ಗೇಟಿನಲ್ಲಿ ಕಾರ್ಯಾಚರಣೆ ಯಶಸ್ವಿಯಾದ ಸಂತೋಷಕ್ಕೆ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದರು. ಆಟೊದಿಂದ ಅರ್ಧ ಹೊರಗೆ ಜೋತುಬಿದ್ದಿದ್ದ ಅವನನ್ನು ಮೊದಲು ಕಂಡವರು ಸೆಕ್ರೆಟರಿ.

"ಏನಾಯ್ತು ಪರವಾಗಿಲ್ಲ? ಮುಖ ಯಾಕೆ ಹೀಗಾಗಿದೆ?"

ಗುಮಾಸ್ತ ಯೋಚಿಸಿದ. ಮುರಿದಿದೆ ಎಂದರೆ ನಂಬುವುದಿಲ್ಲ. ಕೂಗಿದರೆ ಚಹಾ ಮುಗಿಯುವವರೆಗೆ ಕಾಯಿಸುತ್ತಾರೆ. ಹಲ್ಲು ಕಚ್ಚಿ, ಬೆವರು ಒರೆಸಿಕೊಂಡು, ಈ ಸಲ ತಿಳಿದೇ ಹೇಳಿದ:

"ನನಗೇನೂ ಆಗಿಲ್ಲ ಸಾರ್."

ಲೋಟಗಳು ನೆಲಕ್ಕೆ ಬಂದವು. ಸೀಟಿ ಮೊಳಗಿತು. ಬಾಗಿಲು ಬಂತು, ಹಗ್ಗ ಬಂತು, ಎತ್ತಿ ಮಲಗಿಸಿದರು. ಹೆಂಡತಿ ಓಡಿ ಬಂದು ತಲೆ ಹಿಡಿದುಕೊಂಡಳು. ಮೇಡಂ ಗಡಿಯಾರ ನೋಡಿ ಮೆಚ್ಚಿದರು, ಬೆಳಿಗ್ಗೆಗಿಂತ ಬೇಗ. ಗುಮಾಸ್ತ ಆ ದಿನ ಮೊದಲ ಸಲ ಸಮಾಧಾನದಿಂದ ಕಣ್ಣು ಮುಚ್ಚಿದ.

ತೆರೆದಾಗ ಟೈಲರಕ್ಕ ಸೂಜಿ ಕಚ್ಚಿಕೊಂಡು ಅವನ ಬಲಗಾಲಿನ ಮುಂದೆ ಕುಳಿತಿದ್ದರು.

"ಹೊಲಿಗೆ ಹಾಗೇ ಇದೆ ನೋಡಿ," ಎಂದರು ಹೆಮ್ಮೆಯಿಂದ. "ಆದ್ರೂ ಇನ್ನೊಂದು ಸುತ್ತು ಗಟ್ಟಿ ಮಾಡ್ತೀನಿ."

"ಅಕ್ಕಾ, ಆ ಕಾಲಲ್ಲ. ಎಡಗಾಲು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಮೇಡಂ ಬಗ್ಗಿ, ಅವನ ಹಣೆಯ ಮೇಲೆ ಕೈಯಿಟ್ಟು, ತುಂಬ ಮರುಕದಿಂದ ಹೇಳಿದರು:

"ಪಾಪ, ಎಡ ಯಾವುದು ಬಲ ಯಾವುದು ಅಂತಾನೂ ತಿಳೀತಿಲ್ಲ. ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡ್ಕೊಳ್ಳಿ. ಆ ಇನ್ನೊಂದು ಕಾಲಿನ ಮೇಲೆ ಯಾರಾದ್ರೂ ಕೂತ್ಕೊಳ್ಳಿ."